ಒರೆಸಿದರೂ ಹೋಗದ ಚುಕ್ಕೆ

ಬೀದಿಯವರು ಆ ಅತ್ತೆಗೆ ಇಟ್ಟ ಅಡ್ಡಹೆಸರು ಒರೆಸಮ್ಮ. ಕೈಯಲ್ಲೊಂದು ಒದ್ದೆ ಬಟ್ಟೆ ಇಲ್ಲದೆ ಅವಳನ್ನು ಕಂಡವರಿಲ್ಲ. ಬಂದವರು ಕುರ್ಚಿಯಿಂದ ಏಳುವುದೇ ತಡ, ಕೂತ ಜಾಗ ಒರೆಸಿಬಿಡುತ್ತಿದ್ದಳು. ಆ ಹೆಸರು ಕಿವಿಗೆ ಬಿದ್ದಾಗ ಕೇಳಿಸದವಳಂತೆ ನಡೆದರೂ ಮನೆಗೆ ಬಂದು ಮುಖ ಊದಿಸಿಕೊಂಡು ಕೂರುತ್ತಿದ್ದಳು. ಅಂಗಡಿಯವನೂ ಕಿಸಕ್ಕನೆ ನಕ್ಕು ಹಾಗೆ ಕರೆದ ಮೇಲೆ ಅಂಗಡಿಗೆ ಹೋಗುವುದನ್ನೇ ಬಿಟ್ಟಳು. ಅಷ್ಟು ನೋವು ಅವಳಿಗೆ.

ಸೊಸೆ ಹಲ್ಲಿನ ಡಾಕ್ಟರು. ಅವಳಿಗೆ ಇನ್ನೊಂದು ಹುಚ್ಚು. ತಾರಸಿಯ ದುರ್ಬೀನಿನಿಂದ ಆಕಾಶದ ಫೋಟೊ ತೆಗೆದು, ಬೆಳಿಗ್ಗೆ ಕ್ಲಿನಿಕ್ಕಿಗೆ ಹೋಗುವ ಮುಂಚೆ ಅವನ್ನು ಕಂಪ್ಯೂಟರಿನಲ್ಲಿ ಒಂದರ ಹಿಂದೊಂದು ಓಡಿಸಿ ನೋಡುವುದು. ನಕ್ಷತ್ರಗಳು ಇದ್ದಲ್ಲೇ ಇರುತ್ತವೆ. ಮಂಗಳ, ಗುರು ಗ್ರಹಗಳ ನಡುವೆ ಸುತ್ತುವ ಕ್ಷುದ್ರಗ್ರಹವಾದರೆ ಫೋಟೊದಿಂದ ಫೋಟೊಗೆ ಒಂಚೂರು ಸರಿಯುತ್ತದೆ. ಯಾರೂ ಕಾಣದ ಅಂಥದೊಂದು ಕಲ್ಲಿಗಾಗಿ ಅವಳು ವರ್ಷಗಟ್ಟಲೆ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದಿದ್ದಳು.

"ಕಾಲಡಿ ಧೂಳು ಕಾಣ್ಸಲ್ಲ, ಆಕಾಶದ ಕಲ್ಲು ಹುಡುಕ್ತಾಳಂತೆ," ಎಂದು ಅತ್ತೆ ಗೊಣಗುತ್ತಿದ್ದಳು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಒಂದು ಬೆಳಿಗ್ಗೆ ಇಬ್ಬರಿಗೂ ಒಟ್ಟಿಗೇ ಕಾಲ ಬಂತು. ಸೊಸೆ ಫೋಟೊ ಓಡಲು ಬಿಟ್ಟು ತಲೆ ಬಾಚಿಕೊಳ್ಳಲು ಹೋಗಿದ್ದಳು. ಅತ್ತೆ ಬಟ್ಟೆ ಹಿಡಿದು ಬಂದಳು. ಪರದೆಯ ಮೂಲೆಯಲ್ಲೊಂದು ಮಸುಕು ಚುಕ್ಕೆ. ಒರೆಸಿದಳು, ಹೋಗಲಿಲ್ಲ. ಉಗುರಿನಿಂದ ಕೆರೆಯಲು ನೋಡಿದರೆ ಪಕ್ಕಕ್ಕೆ ಜಿಗಿದಿತ್ತು. ಅಲ್ಲೂ ಒರೆಸಿದಳು, ಮತ್ತೂ ಪಕ್ಕಕ್ಕೆ. ಇಂಥ ಹಟಮಾರಿ ಕೊಳೆಯನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ.

"ಅತ್ತೆ! ಪರದೆ ಮುಟ್ಬೇಡಿ ಅಂತ ಎಷ್ಟು ಸಲ ಹೇಳಿದೀನಿ?"

"ಮುಟ್ದೆ ಏನ್ಮಾಡ್ಲಿ? ಈ ಕೊಳೆ ನೋಡು, ಒರೆಸಿದ ಹಾಗೆಲ್ಲ ಸರ್ಕೊಂಡು ಹೋಗ್ತಿದೆ!"

"ಅದು ಕ್ಯಾಮೆರಾದ ಕಸ ಅಂತ ನಾನೇ ನೋಡಿ ಬಿಟ್ಟಿದ್ದೆ..." ಎಂದ ಸೊಸೆ ಬಾಚಣಿಗೆಯನ್ನು ತಲೆಯಲ್ಲೇ ಬಿಟ್ಟು ಕುರ್ಚಿಗೆ ಕುಸಿದಳು. "ಸರ್ಕೊಂಡು ಹೋಗ್ತಿದ್ಯಾ? ಹೌದಲ್ಲ! ಕಸ ಎಲ್ಲಾದ್ರೂ ನಡೆಯುತ್ತಾ, ಅತ್ತೆ?"

ಆ ಜಾಗದಲ್ಲಿ ಗೊತ್ತಿದ್ದ ಕಲ್ಲು ಯಾವುದೂ ಇರಲಿಲ್ಲ. ಮುಂದಿನ ದಿನಗಳಲ್ಲಿ ದೂರದ ವೀಕ್ಷಣಾಲಯಗಳೂ ಅದನ್ನು ಕಂಡವು. ವರ್ಷಗಳು ಕಳೆದು ಅದರ ಹಾದಿ ಖಚಿತವಾದ ಮೇಲೆ ನಂಬರು ಸಿಕ್ಕಿತು. ಹೆಸರು ಸೂಚಿಸುವ ಹಕ್ಕು ಸೊಸೆಯದು, ಆದರೆ ತನ್ನದೇ ಹೆಸರಿಡುವಂತಿಲ್ಲ. ಅವಳ ಗಂಡ ತನ್ನ ಹೆಸರಿಡಲಿ ಎಂಬ ಆಸೆಗೆ ಹೊತ್ತುಹೊತ್ತಿಗೆ ಪಾತ್ರೆ ತೊಳೆದ. ಸೊಸೆ ಗುಟ್ಟಾಗಿಯೇ ಒಂದು ಹೆಸರು ಬರೆದು ಕಳಿಸಿದಳು.

ಹೆಸರು ಪ್ರಕಟವಾದ ದಿನ ಅವಳು ಕ್ಲಿನಿಕ್ಕಿನಿಂದ ಓಡಿಬಂದಳು. "ಒರೆಸಮ್ಮ ಅಂತ ಇಟ್ಟೆ ಅತ್ತೆ. ಖಗೋಳ ಸಂಘದವರು ಒಪ್ಪಿದ್ರು!"

ಅತ್ತೆಯ ಮುಖ ಕಪ್ಪಿಟ್ಟಿತು. "ಬೀದಿಯವರು ಆಡ್ಕೊಂಡಿದ್ದು ಸಾಲ್ದು ಅಂತ ಆಕಾಶದಲ್ಲೂ ಡಂಗುರ ಹೊಡೆಸಿದ್ಯಾ?"

"ಪೂರ್ತಿ ಕೇಳಿ," ಎಂದು ಸೊಸೆ ಹೆಸರಿನ ಜೊತೆ ಅಚ್ಚಾಗಿದ್ದ ಸಾಲನ್ನು ಓದಿದಳು. "ಕಂಡುಹಿಡಿದವಳು ನೋಡಿಯೂ ಕೈಬಿಟ್ಟಿದ್ದ ಚುಕ್ಕೆಯನ್ನು ಬಿಡದೆ ಬೆನ್ನಟ್ಟಿದ ಅವಳ ಅತ್ತೆಯ ಹೆಸರು."

"ಇನ್ನೊಂದ್ಸಲ ಓದು."

ಸೊಸೆ ಮತ್ತೆ ಓದಿದಳು. ಅತ್ತೆಗೆ ಅಳುವೂ ಬಂತು, ನಗುವೂ ಬಂತು. ಕೈಯಲ್ಲಿದ್ದ ಬಟ್ಟೆಯಿಂದಲೇ ಕಣ್ಣೊರೆಸಿಕೊಂಡಳು.

ಸಂಜೆ ಚೀಲ ಹಿಡಿದು ತಾನೇ ಅಂಗಡಿಗೆ ಹೊರಟಳು.

"ಏನು ಒರೆಸಮ್ಮ, ಬಲು ಅಪರೂಪ!" ಎಂದ ಅಂಗಡಿಯವನು.

ಅತ್ತೆ ಬೆನ್ನು ನೆಟ್ಟಗೆ ಮಾಡಿ ಬೆರಳನ್ನು ಆಕಾಶಕ್ಕೆ ಎತ್ತಿದಳು. "ಯಾರನ್ನ ಕರೆದಿದ್ದು? ನನ್ನನ್ನೋ, ಮೇಲೆ ಸೂರ್ಯನ್ನ ಸುತ್ತುತ್ತಿರೋಳನ್ನೋ?"

ಅವನು ಕತ್ತೆತ್ತಿ ಆಕಾಶ ನೋಡುತ್ತಿರುವಾಗಲೇ ಅವನ ತಕ್ಕಡಿಯ ತಟ್ಟೆ ಎರಡನ್ನೂ ಒರೆಸಿಕೊಟ್ಟು ಬಂದಳು.