ಪುಕ್ಕಲಕ್ಕ ಹಾಕಿದ ಬೀಗ

ಆ ಶಾಲೆಯ ಆಯಾಳನ್ನು ಎಲ್ಲರೂ ಪುಕ್ಕಲಕ್ಕ ಎಂದೇ ಕರೆಯುತ್ತಿದ್ದರು. ಹಲ್ಲಿ ಕಂಡರೆ ಮಾರು ದೂರ ಹಾರುವವಳು, ಗುಡುಗಿದರೆ ಮೇಜಿನ ಕೆಳಗೆ ತೂರುವವಳು. ಹನ್ನೊಂದು ವರ್ಷದಿಂದ ಅಲ್ಲಿ ಕಸ ಗುಡಿಸಿ, ಗಂಟೆ ಹೊಡೆದು, ಬಾಗಿಲು ತೆರೆದು ಮುಚ್ಚುತ್ತಿದ್ದಳು. ಹೆದರಿಸಲೆಂದೇ ಬಾಗಿಲ ಸಂದಿಯಲ್ಲಿ ಅಡಗುವ ಮಕ್ಕಳಿಗೆ, "ಹೆದರೋರೇ ಹೆಚ್ಚು ದಿನ ಬದುಕೋದು ಕಣ್ರೋ" ಎಂದು ನಕ್ಕುಬಿಡುತ್ತಿದ್ದಳು.

ಚಳಿಗಾಲದ ದೀರ್ಘ ರಜೆ ಮುಗಿದಿತ್ತು. ಗಾಳಿಯ ಕೊರೆತ ತಗ್ಗಿ, ಗೇಟಿನ ಪಕ್ಕದ ಮರದಲ್ಲಿ ಕೆಂಪು ಚಿಗುರು ಇಣುಕುತ್ತಿತ್ತು. ಮಕ್ಕಳನ್ನೂ ಮನೆಯವರನ್ನೂ ಸ್ವಾಗತಿಸಲು ಬೆಳಿಗ್ಗೆ ಹತ್ತಕ್ಕೆ ಹಾಲ್‌ನಲ್ಲಿ ಸಭೆ. ಇನ್ನೂರೈವತ್ತು ಕುರ್ಚಿಗಳನ್ನು ಪುಕ್ಕಲಕ್ಕ ಹಿಂದಿನ ದಿನವೇ ಒರೆಸಿಟ್ಟಿದ್ದಳು. ಸ್ವಾಗತಗೀತೆ ಹಾಡುವ ಮಕ್ಕಳಲ್ಲಿ ಅವಳ ತಂಗಿಯ ಮಗಳೂ ಇದ್ದಳು.

ಬೆಳಿಗ್ಗೆ ಬಂದು ನೋಡಿದರೆ ನಾಲ್ಕನೇ ಸಾಲಿನ ಕುರ್ಚಿಗಳ ಮೇಲೆ ಬಿಳಿ ಪುಡಿ. ಒರೆಸಿದಳು. ನೀರಿನ ಕೊಡ ತಂದಿಡುವಷ್ಟರಲ್ಲಿ ಮತ್ತೆ ಪುಡಿ. ಕತ್ತೆತ್ತಿದಳು. ಸೂರಿನ ಹಲಗೆಗಳು ಒಂದು ಕಡೆ ಗೇಣುದ್ದ ಜಗ್ಗಿದ್ದವು. ಎಲ್ಲೋ ಮೇಲೆ 'ಕಿರ್' ಎಂದಿತು.

ಓಡಿ ಆಫೀಸಿಗೆ ಹೋದಳು. ಮುಖ್ಯೋಪಾಧ್ಯಾಯಿನಿ, ಅಂದರೆ ದೊಡ್ಡ ಮೇಡಂ, ಭಾಷಣದ ಚೀಟಿ ಓದಿಕೊಳ್ಳುತ್ತಿದ್ದರು.

"ಮೇಡಂ, ಹಾಲ್ ಸೂರು ಜಗ್ಗಿದೆ. ಪುಡಿ ಉದುರ್ತಾ ಇದೆ."

"ರಜೆಗೆ ಮುಂಚೆ ಸ್ಟೋರ್ ರೂಮಲ್ಲಿ ಹಾವು ಅಂತ ಊರೆಲ್ಲ ಒಂದು ಮಾಡಿದ್ಯಲ್ಲ, ಅದು ನೀರಿನ ಪೈಪಾಗಿತ್ತು."

ಪಕ್ಕದಲ್ಲಿದ್ದ ಹಾಡಿನ ಟೀಚರ್ ಕಿಸಕ್ಕನೆ ನಕ್ಕರು.

"ಹಳೇ ಕಟ್ಟಡ, ಸುಣ್ಣ ಉದುರತ್ತೆ. ಇನ್ನರ್ಧ ಗಂಟೆಗೆ ಜನ ಬರ್ತಾರೆ. ಒರೆಸಿಬಿಡು, ಹೋಗು" ಎಂದರು ದೊಡ್ಡ ಮೇಡಂ.

ಮರಳಿ ಬಂದು ಜೇಡರ ಬಲೆ ತೆಗೆಯುವ ಉದ್ದ ಕೋಲನ್ನು ಎತ್ತಿ, ಉಸಿರು ಬಿಗಿಹಿಡಿದು ತೊಲೆಗೆ ಮುಟ್ಟಿಸಿದಳು. ಕೋಲಿನ ತುದಿ ನೆನೆದ ಸೋಪಿನೊಳಗೆ ಹೋದಂತೆ ಒಳಗಿಳಿಯಿತು. ತಣ್ಣನೆಯ ನೀರು ಕೆನ್ನೆಯ ಮೇಲೆ ಬಿತ್ತು. ಅವಳು ಕೋಲು ಬಿಸುಟು ಹೊರಗೋಡಿ, ಬಾಗಿಲೆಳೆದು ಬೀಗ ಜಡಿದಳು. ಗೇಟಿನಲ್ಲಿ ಆಗಲೇ ಮಕ್ಕಳ ಗಲಾಟೆ ಕೇಳುತ್ತಿತ್ತು.

ಅಪ್ಪಂದಿರು, ಅಮ್ಮಂದಿರು, ಅಜ್ಜಿಯರು ಬಂದು ಬಾಗಿಲ ಮುಂದೆ ನೆರೆದರು. ತಂಗಿಯ ಮಗಳು ಜನರ ನಡುವೆ ನುಸುಳಿ ಬಂದಳು. "ದೊಡ್ಡಮ್ಮ, ಬಾಗಿಲು ತೆಗಿ. ನಾನು ಮುಂದಿನ ಸಾಲಲ್ಲಿ ನಿಲ್ಬೇಕು."

ಪುಕ್ಕಲಕ್ಕ ಬೀಗದ ಕೈಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು. ಅಷ್ಟರಲ್ಲಿ ದೊಡ್ಡ ಮೇಡಂ ಬಂದು ತಗ್ಗಿದ ದನಿಯಲ್ಲಿ, "ಬೀಗದ ಕೈ ಕೊಡು" ಎಂದರು.

"ಕೊಡಲ್ಲ ಮೇಡಂ."

"ಕೆಲಸ ಹೋಗತ್ತೆ, ಗೊತ್ತಾ?"

"ಹೋಗ್ಲಿ ಮೇಡಂ. ನಿಮ್ಮ ಕಾಲಿಗೆ ಬೀಳ್ತೀನಿ. ಮಕ್ಕಳನ್ನ ಮಾತ್ರ ಒಳಗೆ ಬಿಡಲ್ಲ." ಅವಳ ಕಣ್ಣಿಂದ ನೀರು ದಳದಳ ಇಳಿಯಿತು.

ಜನ ಪಿಸುಗುಟ್ಟತೊಡಗಿದರು. ನಾಲ್ಕು ಜನರ ಮುಂದೆ ರಂಪ ಬೇಡವೆಂದು ದೊಡ್ಡ ಮೇಡಂ ಮುಖಕ್ಕೆ ನಗು ತಂದುಕೊಂಡು ತಿರುಗಿದರು. "ಎಷ್ಟು ದಿನದ ಮೇಲೆ ಬಿಸಿಲು ಬಂದಿದೆ ನೋಡಿ! ಅಂಗಳದಲ್ಲೇ ಸೇರೋಣ."

ತರಗತಿಗಳಿಂದ ಬೆಂಚುಗಳು ಬಂದವು. ಹಾಡಾಯಿತು, ಭಾಷಣವಾಯಿತು. ಪುಕ್ಕಲಕ್ಕ ಮಾತ್ರ ಬಾಗಿಲಿಗೆ ಬೆನ್ನು ಕೊಟ್ಟು ಕಿವಿ ನಿಮಿರಿಸಿ ನಿಂತಿದ್ದಳು. ಒಳಗೆ ಸದ್ದೇ ಇಲ್ಲ. ಸಭೆ ಮುಗಿದು ಎಲ್ಲರೂ ಮನೆಗೆ ಹೊರಟರೂ ಏನೂ ಆಗಲಿಲ್ಲ. ಈಗ ಅವಳಿಗೆ ಇನ್ನೊಂದು ಭಯ ಹಿಡಿಯಿತು. ಏನೂ ಆಗದಿದ್ದರೆ?

"ಮಧ್ಯಾಹ್ನ ಬಡಗಿ ಬರ್ತಾನೆ. ಅವನು ಸರಿಯಿದೆ ಅಂದ್ರೆ ನಾಳೆಯಿಂದ ನೀನು ಬರೋದು ಬೇಡ" ಎಂದು ದೊಡ್ಡ ಮೇಡಂ ಹೇಳಿ ಹೋದರು.

ಬಡಗಿ ಬಂದಾಗ ಎರಡು ಗಂಟೆ. ಬೀಗದ ಕೈ ಹಿಡಿದಿದ್ದ ಅವಳ ಬೆರಳುಗಳು ಮರಗಟ್ಟಿದ್ದವು. ಅವನೇ ಒಂದೊಂದಾಗಿ ಬಿಡಿಸಿಕೊಂಡ. ಬಾಗಿಲು ತೆರೆದು ಹೊಸ್ತಿಲಲ್ಲೇ ನಿಂತು ಮೇಲೆ ನೋಡಿದ. ಒಳಗೆ ಹೆಜ್ಜೆಯಿಡಲು ಹೊರಟ ದೊಡ್ಡ ಮೇಡಂ ಅವರ ತೋಳನ್ನು ಗಪ್ಪನೆ ಹಿಡಿದೆಳೆದ.

"ಮೇಡಂ, ಮೆಲ್ಲಗೆ ಮಾತಾಡಿ" ಎಂದು ಪಿಸುಗುಟ್ಟಿದ. "ತೊಲೆಯ ತುದಿ ಗೋಡೆಯಿಂದ ಜಾರಿ ಹೊರಗೆ ಬಂದಿದೆ. ಮಾಳಿಗೆ ಮೇಲೆ ನಿಂತ ನೀರು ಚಳಿಗಾಲವೆಲ್ಲ ಅದರೊಳಗೆ ಇಳಿದಿದೆ. ಇಲ್ಲಿ ನಾಲ್ಕು ಮಕ್ಕಳು ಕುಣಿದಿದ್ರೂ ಸಾಕಿತ್ತು."

ಮೂವರೂ ತುದಿಗಾಲಲ್ಲಿ ಹಿಂದೆ ಸರಿದರು. ತೊಲೆಗೆ ಆನಿಕೆ ಕೊಡಲು ಮರ ತರಲು ಬಡಗಿ ಹೋದ ಸ್ವಲ್ಪ ಹೊತ್ತಿಗೆ ನೆಲ ಅದುರಿತು. ಹಾಲ್‌ನ ಕಿಟಕಿಗಳಿಂದ ಬಿಳಿ ಧೂಳು ಭುಸ್ಸೆಂದು ಹೊರನುಗ್ಗಿತು. ಧೂಳಡಗಿದ ಮೇಲೆ ನೋಡಿದರೆ ಮುಂದಿನ ಸಾಲುಗಳಲ್ಲಿ ಕುರ್ಚಿಯೆಂದು ಹೇಳುವಂಥದ್ದು ಒಂದೂ ಉಳಿದಿರಲಿಲ್ಲ.

ಪುಕ್ಕಲಕ್ಕ ಮೆಟ್ಟಿಲ ಮೇಲೆ ಕುಸಿದಳು. ದೊಡ್ಡ ಮೇಡಂ ಬಂದು ಪಕ್ಕದಲ್ಲೇ ನೆಲಕ್ಕೆ ಕೂತರು. "ಬೆಳಿಗ್ಗೆ ಬೀಗ ಒಡೆಸೋಕೆ ಸುತ್ತಿಗೆ ತರೋಕೆ ಹೇಳಿದ್ದೆ ಕಣೆ" ಎಂದರು. "ಬಿಸಿಲು ಬಂತು ಅಂತ ಸುಮ್ಮನಾದೆ."

ಆ ರಾತ್ರಿಯೆಲ್ಲ ಪುಕ್ಕಲಕ್ಕ ತಂಗಿಯ ಮಗಳ ಕೈ ಬಿಡಲೇ ಇಲ್ಲ.

ಮರುದಿನ ಮಕ್ಕಳು ಬರುವ ಮೊದಲೇ ದೊಡ್ಡ ಮೇಡಂ ಅವಳನ್ನು ಕರೆದುಕೊಂಡು ಕೋಣೆ ಕೋಣೆ ಸುತ್ತಿದರು. ಬಡಗಿಯೂ ಜೊತೆಗಿದ್ದ. ಮೂರನೇ ತರಗತಿಯ ಬಾಗಿಲಲ್ಲಿ ಪುಕ್ಕಲಕ್ಕ ತಟ್ಟನೆ ನಿಂತಳು.

"ಇಲ್ಲಿ ಬೇಡ ಮೇಡಂ."

"ಎಲ್ಲ ಗಟ್ಟಿಯಾಗಿದೆಯಲ್ಲಮ್ಮ" ಎಂದ ಬಡಗಿ.

"ಯಾಕೋ ಗೊತ್ತಿಲ್ಲ. ಹೆದರಿಕೆ ಆಗ್ತಿದೆ."

ದೊಡ್ಡ ಮೇಡಂ ಬೆಂಚಿನ ಒಂದು ತುದಿ ಹಿಡಿದರು. "ಹಿಡ್ಕೋ ಆ ಕಡೆ" ಎಂದರು. ಇಬ್ಬರೂ ಸೇರಿ ಬೆಂಚುಗಳನ್ನು ವರಾಂಡಕ್ಕೆ ಸಾಗಿಸತೊಡಗಿದರು.