ಕೆಂಪು ಚುಕ್ಕಿ

ಟೊಮೇಟೊಗೆ ಗಾಜಿನ ಬಾಗಿಲ ಅಂಗಡಿಯಲ್ಲಿ ಕಿಲೋಗೆ ಅರವತ್ತು, ಎದುರಿನ ಅಂಗಡಿಯಲ್ಲಿ ನಲವತ್ತು, ಮೂಲೆಯ ಗಾಡಿಯಲ್ಲಿ ಇಪ್ಪತ್ತೈದು. ಬೈಗುಳ ಮಾತ್ರ ಇಪ್ಪತ್ತೈದಕ್ಕೆ ಕೊಡುವವಳಿಗೇ.

“ಥೂ, ಕೊಳೆತದ್ದನ್ನ ಚೀಲದ ಅಡಿಗೆ ತುಂಬ್ತೀಯಲ್ಲೇ, ಕಳ್ಳಮುಂಡೆ! ಇಪ್ಪತ್ತಕ್ಕೆ ಕೊಡು.” ಮೂಲೆಯ ಮಹಡಿಮನೆಯಾಕೆ ಹಣ್ಣುಗಳನ್ನು ಒತ್ತಿ ಒತ್ತಿ ಗಾಯಮಾಡಿ ಬಿಸಾಕಿದಳು.

“ಅಷ್ಟು ಒತ್ತಿದ್ರೆ ನಾನೂ ಮೆತ್ತಗಾಗ್ತೀನಿ ಅಮ್ಮಾವ್ರೇ,” ಎಂದು ನಕ್ಕು ಟೊಮೇಟೊದವಳು ಇಪ್ಪತ್ತಕ್ಕೇ ತೂಗಿದಳು. ಅವಳ ಅವ್ವ ಇದೇ ಮೂಲೆಯಲ್ಲಿ ಇದೇ ತಕ್ಕಡಿ ಹಿಡಿದು ಕುಕ್ಕರಗಾಲಲ್ಲಿ ಕೂತು ಮಾರಿ ಅವಳನ್ನು ಸಾಕಿದ್ದಳು. ಮೂಲೆ ಬಿಟ್ಟರೆ ಅವಳಿಗೆ ಬೇರೆ ಗತಿಯಿರಲಿಲ್ಲ.

ಆ ವಾರ ನಗರಸಭೆ ಕಚೇರಿಯವರು ಬಂದು ಗಾಡಿಯ ಪಕ್ಕ ಒಂದು ಹಲಗೆ ನಿಲ್ಲಿಸಿದರು. ಅದರ ತುಂಬ ಪೇಟೆಬೀದಿಯ ಚಿತ್ರ: ಅಂಗಡಿಗಳು, ಮಹಡಿಮನೆ, ಕಚೇರಿ, ಬೆಂಚು, ಅವಳ ಗಾಡಿ ಕೂಡ. ಪೇಟೆಯಲ್ಲಿ ಏನಿರಬೇಕು, ಏನಿರಬಾರದು ಎಂದು ನಿವಾಸಿಗಳು ಚುಕ್ಕಿ ಅಂಟಿಸಿ ಹೇಳಬೇಕಂತೆ. ಒಂದು ಹಾಳೆ ಕೆಂಪು ಚುಕ್ಕಿ, ಒಂದು ಹಾಳೆ ಹಸಿರು. ಯಾವುದು ಯಾವುದಕ್ಕೆಂದು ಕೆಳಗೆ ಬರೆದಿತ್ತು. ಟೊಮೇಟೊದವಳಿಗೆ ಅಕ್ಷರ ಬಾರದು, ಬಣ್ಣ ಗೊತ್ತಿತ್ತು. ಹಸಿರೆಂದರೆ ಕಾಯಿ, ಯಾರೂ ಮುಟ್ಟರು. ಕೆಂಪೆಂದರೆ ಹಣ್ಣು, ಎಲ್ಲರಿಗೂ ಬೇಕಾದ್ದು.

ಆದರೂ ಕೇಳಿದಳು: “ಅಮ್ಮಾವ್ರೇ, ಬೇಕು ಅನ್ನೋದಕ್ಕೆ ಕೆಂಪು ತಾನೇ?”

ಮಹಡಿಮನೆಯಾಕೆ ಬರಹ ಓದಿದಳು. ಗಾಡಿ ನೋಡಿದಳು. “ಹೂಂ ಕಣೇ, ಕೆಂಪೇ. ಚೆನ್ನಾಗಿ ಹಾಕಿಸ್ಕೋ,” ಎಂದು ಮೊದಲ ಚುಕ್ಕಿ ತಾನೇ ಒತ್ತಿದಳು.

“ಅಣ್ಣಾ, ನನ್ನ ಗಾಡಿ ಮೇಲೊಂದು ಕೆಂಪು ಹಾಕು, ಒಂದು ಹಣ್ಣು ಜಾಸ್ತಿ ಕೊಡ್ತೀನಿ!” ಟೊಮೇಟೊದವಳು ದಿನವಿಡೀ ಕೂಗಿದಳು. ಬಂದವರೆಲ್ಲ ಓದು ಬಲ್ಲವರು. ಒಂದಿಬ್ಬರು ತಡವರಿಸಿದರು, ಊರ ಉಸಾಬರಿ ನಮಗ್ಯಾಕೆ ಎಂದುಕೊಂಡರು. ಹಣ್ಣು ಚೀಲಕ್ಕೆ ಹಾಕಿಕೊಂಡು ಕೆಂಪು ಅಂಟಿಸಿ ಹೋದರು. ಸಂಜೆಗೆ ಚಿತ್ರದಲ್ಲಿ ಗಾಡಿಯೇ ಕಾಣುತ್ತಿರಲಿಲ್ಲ. ‘ನೋಡವ್ವಾ, ಎಷ್ಟು ಜನಕ್ಕೆ ನಾವು ಬೇಕು,’ ಎಂದು ಸತ್ತ ಅವ್ವನಿಗೆ ಮನಸ್ಸಿನಲ್ಲೇ ಹೇಳಿದಳು.

ವಾರ ಕಳೆದು ಲಾರಿ ಬಂತು.

“ಏಯ್, ಎತ್ತೇ ನಿನ್ನ ಗುಜರಿನ!” ಎಂದ ಅಧಿಕಾರಿ.

“ಸ್ವಾಮೀ, ಹಲಗೆ ನೋಡಿ! ಎಲ್ಲಾ ಕೆಂಪೇ ಹಾಕವ್ರೆ!”

ಅಧಿಕಾರಿ ಕೆಮ್ಮು ಬರುವವರೆಗೆ ನಕ್ಕ. “ಕೆಂಪು ಅಂದ್ರೆ ಕಿತ್ತಾಕಿ ಅಂತ ಕಣೇ, ದಡ್ಡಮುಂಡೆ! ಹಣ್ಣು ಕೊಟ್ಟು ಗುಂಡಿ ತೋಡಿಸ್ಕೊಂಡಿದ್ದೀಯಲ್ಲೇ!”

ಟೊಮೇಟೊದವಳು ತಲೆಯೆತ್ತಿ ಮಹಡಿಯ ಕಿಟಕಿಯಲ್ಲಿ ನಿಂತಿದ್ದಾಕೆಯತ್ತ ನೋಡಿದಳು. “ಅಮ್ಮಾವ್ರೇ, ನೀವೇ ಅಲ್ವಾ ಹೇಳಿದ್ದು?”

“ನಿನ್ಗೆ ಓದು ಬರಲ್ಲ ಅಂದ್ರೆ ಅದೂ ನನ್ನ ತಪ್ಪಾ?” ಎಂದು ಆಕೆ ಕಿಟಕಿ ಮುಚ್ಚಿಕೊಂಡಳು.

ಗಾಡಿಯನ್ನು ಮಗುಚಿ ಲಾರಿಗೆ ಎಸೆದರು. ಹಣ್ಣುಗಳು ಬೀದಿಯುದ್ದ ಉರುಳಿದವು. ಟೊಮೇಟೊದವಳು ಒಂದನ್ನು ಎತ್ತಿಕೊಂಡು ಚಿತ್ರದ ಗಾಜಿನ ಅಂಗಡಿಯ ಮೇಲೆ ಅಪ್ಪಳಿಸಿದಳು. ಇನ್ನೊಂದು ಮಹಡಿಮನೆಯ ಮೇಲೆ. ಮತ್ತೊಂದು ಕಚೇರಿಯ ಮೇಲೆ. ಹಿಡಿಯಲು ಬಂದ ಆಳಿನ ಎದೆಗೂ ಒಂದು ಬಿತ್ತು. ಹಲಗೆಯ ತುದಿಯಿಂದ ತುದಿಗೆ ಕೆಂಪು ಸೋರಿತು.

“ಎಲ್ಲಾ ಕೆಂಪಾಯ್ತು, ಬೋಳಿಮಕ್ಕಳಾ! ಕೀಳ್ರೋ ಈಗ, ಎಲ್ಲಾನೂ ಕೀಳ್ರೋ!”

ಅವಳನ್ನೂ ಲಾರಿಗೆ ಹತ್ತಿಸಿದರು.

ಗಾಡಿ ಹೋಯಿತು, ಅವ್ವನ ತಕ್ಕಡಿ ಹೋಯಿತು, ಮೂಲೆ ಹೋಯಿತು. ಎದುರಿನ ಅಂಗಡಿಯವನು ನಲವತ್ತನ್ನು ಐವತ್ತೈದು ಮಾಡಿದ. ಮಹಡಿಮನೆಯಾಕೆಗೆ ಕಾರು ನಿಲ್ಲಿಸಲು ಜಾಗ ಸಿಕ್ಕಿತು.