ಒರಿಜಿನಲ್ ಮನೆಯಲ್ಲಿದೆ

ಸಬುರುದ್ದೀನ್ ಚಾಪೆಯ ಮೇಲೆ ತನ್ನ ಕಾರ್ಡುಗಳನ್ನೆಲ್ಲ ಹರಡಿಕೊಂಡು ಕೂತಿದ್ದ. ಮಗ ಮೈನಾಲ್ ಕೊಚ್ಚಿಯಲ್ಲಿ ಕಟ್ಟಡದ ಕೆಲಸಕ್ಕೆ ಹೋದವನು ಮೂರನೇ ಮಹಡಿಯಿಂದ ಬಿದ್ದು ಕುತ್ತಿಗೆಯ ಮೂಳೆ ಮುರಿದುಕೊಂಡಿದ್ದ. ನಾಳೆ ಆಪರೇಷನ್, ಉಳಿಯುವ ಭರವಸೆ ಕೊಡಲಾರೆವು ಎಂದಿದ್ದರು ಡಾಕ್ಟರು. ರೈಲಿನಲ್ಲಾದರೆ ಮೂರು ದಿನ. ಪುಣ್ಯಾತ್ಮ ಮೇಸ್ತ್ರಿ ಗುವಾಹಾಟಿಯಿಂದ ವಿಮಾನದ ಟಿಕೆಟ್ಟೇ ತೆಗೆಸಿ, ಗುರುತಿನ ಕಾರ್ಡು ಒಂದು ಇದ್ದರೆ ಸಾಕು ಎಂದಿದ್ದ.

"ವೋಟರ್ ಕಾರ್ಡು ಮುಟ್ಟಬೇಡಿ" ಎಂದಳು ಹೆಂಡತಿ ಜೊಬೇದಾ. "ಮುಂದಿನ ತಿಂಗಳು ಪೌರತ್ವದ ಕೇಸಿಗೆ ಏನು ತೋರಿಸ್ತೀರಿ, ನನ್ನ ಮುಖಾನಾ?"

"ಆಧಾರ್ ಒಯ್ಯಲಾ?"

"ಪಕ್ಕದ್ಮನೆ ಕಾಸಿಮ್ ರೈಲಲ್ಲಿ ಚೀಲ ಕಳಕೊಂಡು ಆರು ವರ್ಷ ಆಯ್ತು. ನಾನು ಈ ದೇಶದವನೇ ಸ್ವಾಮಿ ಅಂತ ಇನ್ನೂ ಅಲೀತಾ ಇದಾನೆ. ಮರೆತುಬಿಟ್ರಾ?"

ಮರೆಯುವುದುಂಟೇ! ಬ್ರಹ್ಮಪುತ್ರದ ನಡುವಿನ ಆ ಮರಳುದಿಬ್ಬದ ಊರಲ್ಲಿ ನೆರೆ ಬಂದರೆ ದೋಣಿಗೆ ಮೊದಲು ಹತ್ತುವುದು ಕಾಗದದ ಕಟ್ಟು, ಆಮೇಲೆ ಮೇಕೆ. ಒರಿಜಿನಲ್ ಮನೆ ದಾಟಕೂಡದು, ಕಚೇರಿಗೆಲ್ಲ ಜೆರಾಕ್ಸೇ. ಜೊಬೇದಾ ಕಾರ್ಡುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಕ್ಕಿ ಡ್ರಮ್ಮಿನ ತಳಕ್ಕೆ ಸೇರಿಸಿದಳು. ಅವನು ಒಂಬತ್ತು ಕಾಗದಗಳ ಜೆರಾಕ್ಸ್ ಮಾಡಿಸಿ, ಊರ ಮುಖಂಡನಿಂದ ಒಂದೊಂದಕ್ಕೂ ಸೀಲು ಒತ್ತಿಸಿಕೊಂಡ. "ಒಂದು ಕೇಳಿದಾರೆ, ಒಂಬತ್ತು ಕೊಡ್ತೀನಿ. ಯಾರು ತಡೀತಾರೋ ನೋಡೋಣ!"

ಮಾರನೆಯ ಬೆಳಿಗ್ಗೆ ವಿಮಾನ ನಿಲ್ದಾಣದ ಬಾಗಿಲಲ್ಲಿ ಕಾವಲಿನವನು ಕಟ್ಟನ್ನು ತಿರುವಿಹಾಕಿದ.

"ಚಾಚಾ, ಒರಿಜಿನಲ್ ಎಲ್ಲಿ?"

"ಮನೇಲಿದೆ ಸಾಹೇಬ್ರೇ. ಭದ್ರವಾಗಿದೆ."

"ಅಲ್ಲಿದ್ರೆ ಏನು ಬಂತು? ಯಾವುದಾದ್ರೂ ಒಂದು ಕಾರ್ಡು ತೋರಿಸಿ. ಫೋನಲ್ಲಿದೆಯಾ?"

ಸಬುರುದ್ದೀನ್ ತನ್ನ ಗುಂಡಿ ಒತ್ತುವ ಫೋನನ್ನೇ ಚಾಚಿದ. ಕಾವಲಿನವನು ಇದಾಗದು ಎಂದು ತಲೆಯಾಡಿಸಿದ.

"ನಮ್ಮಪ್ಪನ ಹೆಸರಿರೋ ಐವತ್ತೊಂದನೇ ಇಸವಿ ಪೌರತ್ವ ಪಟ್ಟಿಯ ಕಾಗದ ಇದೆ, ಅದನ್ನಾದ್ರೂ ನೋಡಿ. ಮಗ ಸಾಯೋ ಹಾಗಿದಾನೆ ಸಾಹೇಬ್ರೇ!"

"ನನ್ನ ಕೈಲೇನೂ ಇಲ್ಲ ಚಾಚಾ. ಪಕ್ಕಕ್ಕೆ ಬನ್ನಿ."

ಸಬುರುದ್ದೀನ್ ಕಾಲಿಗೆ ಬಿದ್ದ. ಕಾವಲಿನವನು ಎತ್ತಿ ನಿಲ್ಲಿಸಿ ನೀರು ಕೊಟ್ಟ, ಒಳಗೆ ಮಾತ್ರ ಬಿಡಲಿಲ್ಲ. ವಿಮಾನಕ್ಕೆ ಒಂದೂವರೆ ಗಂಟೆಯಿತ್ತು. ಅಕ್ಕಿ ಡ್ರಮ್ಮಿಗೆ ಒಂದು ಬಸ್ಸು, ಎರಡು ದೋಣಿ. ಕಾರ್ಡು ಕಳೆದೀತೆಂದು ಹೆದರಿ ಮಗನನ್ನೇ ಕಳೆದುಕೊಳ್ಳುತ್ತಿದ್ದೇನಲ್ಲ ಎಂದು ಅವನು ಹಣೆ ಚಚ್ಚಿಕೊಂಡ.

ಅಷ್ಟರಲ್ಲಿ ಫೋನು ಬಂತು. ಮೈನಾಲನ ದನಿ ಕೇಳಿಸೀತೋ ಇಲ್ಲವೋ ಎಂಬಷ್ಟು ಸಣ್ಣಗಿತ್ತು.

"ಬಾಜಾನ್, ಎಲ್ಲಿದೀರಿ?"

ಸಬುರುದ್ದೀನ್ ಬಾಗಿಲಿಗೆ ಬೆನ್ನು ತಿರುಗಿಸಿದ. "ಒಳಗೆ ಬಂದೆ ಮಗಾ. ಸೀಟಲ್ಲಿ ಕೂತಿದೀನಿ."

"ಕಿಟಕಿ ಪಕ್ಕಾನಾ?"

"ಹೂಂ ಕಣೋ, ಕಿಟಕಿ ಪಕ್ಕಾನೇ."

"ಅಬ್ಬಾ, ಸಾಕು. ಬೇಗ ಮಾಡ್ಬೇಕು ಅಂತಾರೆ ಡಾಕ್ಟ್ರು. ಬಾಜಾನ್ ಹೊರಡೋವರೆಗೂ ಬೇಡ ಅಂತ ಹಟ ಹಿಡಿದಿದ್ದೆ. ಈಗ ಕರ್ಕೊಂಡು ಹೋಗಿ ಅಂತೀನಿ. ಕಣ್ಣು ಬಿಟ್ಟಾಗ ನೀವು ಎದುರಿಗಿರಬೇಕು, ಆಯ್ತಾ?"

"ಇರ್ತೀನಿ."

ಫೋನು ಕಟ್ಟಾಯಿತು. ಅಯ್ಯೋ, ಏನಂದುಬಿಟ್ಟೆ ನಾನು! ಮಗನ ನಂಬರನ್ನು ಮತ್ತೆ ಮತ್ತೆ ಒತ್ತಿದ. ಆರನೇ ಸಲ ಮಗನ ಜೊತೆಗಾರ ಎತ್ತಿಕೊಂಡು, "ಈಗಷ್ಟೇ ಒಳಗೆ ಕರ್ಕೊಂಡು ಹೋದ್ರು ಚಾಚಾ. ನಗ್ತಾ ಹೋದ" ಎಂದ.